ಗ್ರೀನ್ ಟೀ ಸೆಂಟು

ಮೊಮ್ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಎರಡು ತಿಂಗಳ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಸುಳ್ಳು ಬರೆಯುವಷ್ಟು ಧೈರ್ಯ ನನಗಿಲ್ಲ. ನಡೆದದ್ದಕ್ಕೆ ಒಂದು ಮಾತೂ ಸೇರಿಸಿಲ್ಲ... ಸೇರಿಸುವುದಾಗಿದ್ದರೆ ನನ್ನನ್ನು ಒಳ್ಳೆಯವಳ ಹಾಗೆ ತೋರಿಸಿಕೊಳ್ಳುತ್ತಿದ್ದೆ.

ನಾನು ಓದಿರುವುದು ನಾಲ್ಕನೇ ಕ್ಲಾಸು. ನಮ್ಮ ಮನೆ ಹೆಮ್ಮಿಗೆಯಲ್ಲಿ. ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಕೈಲಿ ತಡೆಯಲಾಗುವುದಿಲ್ಲ. ನನಗೆ ಮೂವರೂ ಗಂಡುಮಕ್ಕಳು. ಮೊದಲಿಬ್ಬರಿಗೂ ಗಂಡೇ. ಕೊನೆಯವನು ಮಹೇಶನಿಗೆ ಹೆಣ್ಣು ಕೂಸು ಹುಟ್ಟಿತು! ನರಸೀಪುರದ ಆಸ್ಪತ್ರೆಯಲ್ಲಿ ಕೈಗೆ ಕೊಟ್ಟಾಗ ಎದೆಗವಚಿಕೊಂಡು ನಿಂತುಬಿಟ್ಟೆ. ‘ಅಜ್ಜಿ, ಅಮುಕ್‌ಬೇಡಿ, ಉಸಿರಾಡ್ಲಿ ಪಾಪ’ ಎಂದು ನರ್ಸಮ್ಮ ಬೈದಳು. ಬೈದವಳಿಗೇ ಮೊದಲು ಮೈಸೂರು ಪಾಕ್ ಕೊಟ್ಟೆ. ವಾಪಸ್ ಬರುವಾಗ ಬಸ್ಸಿನಲ್ಲಿ ಗುರುತಿಲ್ಲದವರಿಗೆಲ್ಲ ಹಂಚಿದೆ.

ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಆದರೆ ನನ್ನ ಸೊಸೆ ಸವಿತಾಳಿಗೆ ತಾಯಿ ಇಲ್ಲ. ಹೋದ ವರ್ಷ ತೀರಿಹೋದರು. ತಗಡೂರಿನಲ್ಲಿ ಅಪ್ಪ, ಅಣ್ಣ ಇದ್ದಾರೆ, ಅಷ್ಟೆ. ಹಾಗಾಗಿ ಬಾಣಂತನ ನಮ್ಮಲ್ಲೇ ಆಯಿತು. ಆ ತಾಯಿ ಇಲ್ಲದ್ದರಿಂದಲೇ ಕೂಸು ಮೊದಲ ದಿನದಿಂದ ನನ್ನ ಕೈಗೆ ಸಿಕ್ಕಿತು ಎಂದು ಒಳಗೊಳಗೇ ಹಿಗ್ಗಿದೆ. ಇದು ನನ್ನ ಮೊದಲನೆಯ ನಾಚಿಕೆ.

ಸವಿತಾಳ ದಿಂಬಿನ ಪಕ್ಕ, ಕಿಟಕಿಯ ಕಟ್ಟೆಯ ಮೇಲೆ, ಒಂದು ಸಣ್ಣ ಗಾಜಿನ ಬಾಟಲಿ ಇತ್ತು. ತೆಳು ಹಸಿರು ಬಣ್ಣ, ಮೇಲೊಂದು ಎಲೆಯ ಚಿತ್ರ, ಬಿಳಿ ಹೂವು. ಕಾಲು ಭಾಗ ಉಳಿದಿತ್ತು. ಅದು ಅವಳ ತಾಯಿಯದು. ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದ ಆಕೆ ತನಗೆಂದು ಕೊಂಡುಕೊಂಡಿದ್ದ ಒಂದೇ ಒಂದು ಶೋಕಿ ಅದಂತೆ.

‘ಏನ್ ಸೆಂಟವ್ವ ಅದು?’ ಎಂದು ಕೇಳಿದ್ದೆ.

‘ಗ್ರೀನ್ ಟೀ, ಅತ್ತೆ. ಒಂದ್ಸಲ ಒತ್ತುದ್ರೆ ಅಮ್ಮ ಬಂದು ಪಕ್ಕದಲ್ಲಿ ಕೂತಂಗಾಯ್ತದೆ.’

ಮೊದಲು ನಿಂಬೆ ಎಲೆ ಕಿವುಚಿದ ಹಾಗೆ ಬರುತ್ತಿತ್ತು ಆ ವಾಸನೆ. ಆಮೇಲೆ ಮಲ್ಲಿಗೆಯ ಹಾಗೆ ಸಿಹಿ. ಕೊನೆಗೆ ಹಸಿ ಎಲೆ ಬೇಯಿಸಿದ ನೀರಿನ ತಂಪು. ಚೆನ್ನಾಗಿಯೇ ಇತ್ತು. ಆದರೆ ಬಾಣಂತಿಯ ಕೋಣೆಯಲ್ಲಿ ಸಾಂಬ್ರಾಣಿ, ಬಜೆ, ಬೆಳ್ಳುಳ್ಳಿ ಬಿಟ್ಟು ಬೇರೆ ವಾಸನೆ ಆಗದು. ಅದರಲ್ಲೂ ಸತ್ತವರಿಗೆ ಇಷ್ಟವಾದ ವಾಸನೆ ಇದ್ದರೆ ಅದನ್ನೇ ಹಿಡಿದುಕೊಂಡು ಬರುತ್ತಾರೆ ಎನ್ನುತ್ತಿದ್ದಳು ನಮ್ಮತ್ತೆ.

ಒಂದು ದಿನ ಕೂಸಿಗೆ ನೀರು ಹಾಕಲು ಬರುವ ಚಿಕ್ಕತಾಯಮ್ಮ ಮೂಗು ಸೆಳೆದುಕೊಂಡು ನಕ್ಕಳು. ‘ಏನ್ ಕೆಂಪಕ್ಕ, ಬಾಣಂತಿ ಕ್ವಾಣೇಲಿ ಮದ್ವೆಮನೆ ವಾಸ್ನೆ! ಬೀಗ್ತಿ ಬಂದು ಕೂತವ್ರೇನೋ ನೋಡಿ!’

ತಮಾಷೆಗೆ ಅಂದದ್ದು. ನನಗೆ ನಮ್ಮತ್ತೆಯ ಮಾತು ನೆನಪಾಯಿತು. ನಿಜ ಹೇಳಬೇಕೆಂದರೆ ಹೆದರಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಿತ್ತು. ನಾನು ಜೀವಂತ ಇದ್ದೀನಿ, ನೀರು ಕಾಯಿಸುತ್ತೀನಿ, ಬಟ್ಟೆ ಒಗೆಯುತ್ತೀನಿ... ಇವಳು ಮಾತ್ರ ಕಣ್ಣು ಮುಚ್ಚಿಕೊಂಡು ಆ ಬಾಟಲಿ ಮೂಸುತ್ತಾಳೆ.

ಮಧ್ಯಾಹ್ನ ಅವಳು ನಿದ್ದೆ ಹೋದಾಗ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದೆ. ಪಿಚಕಾರಿಯ ಮುಚ್ಚಳ ತಿರುಗಿಸಿ, ಅಷ್ಟನ್ನೂ ತಿಪ್ಪೆಗೆ ಸುರಿದೆ. ಬಾಟಲಿಯನ್ನು ಬಿಸಿನೀರಿನಲ್ಲಿ ನಾಲ್ಕು ಸಲ ತೊಳೆದೆ.

ಖಾಲಿ ಬಾಟಲಿ ಇಟ್ಟರೆ ಗೊತ್ತಾಗುತ್ತದಲ್ಲ... ಅದಕ್ಕೆ ಒಂದು ಉಪಾಯ ಮಾಡಿದೆ. ಟೀ ಎಂದಿದ್ದಳಲ್ಲ, ಟೀಯನ್ನೇ ತುಂಬಿದರಾಯಿತು ಎಂದುಕೊಂಡೆ. ಟೀ ಪುಡಿ ಕುದಿಸಿ, ಹಾಲು ಹಾಕದೆ ಬಟ್ಟೆಯಲ್ಲಿ ಸೋಸಿ, ಆ ಹಸಿರು ಗಾಜಿನೊಳಗೆ ಬಣ್ಣ ಸರಿಯಾಗಿ ಕಾಣುವವರೆಗೂ ನೀರು ಬೆರೆಸಿದೆ. ಸಿಹಿ ವಾಸನೆ ಬರಲಿ ಎಂದು ಒಂದು ಚಿಟಿಕೆ ಸಕ್ಕರೆಯನ್ನೂ ಹಾಕಿದೆ. ನಗಬೇಡಿ. ಆಗ ನನಗೆ ಅದು ಬಹಳ ಬುದ್ಧಿವಂತಿಕೆ ಎನಿಸಿತ್ತು.

ಎರಡು ದಿನ ಸವಿತಾ ನನ್ನ ಮುಖ ನೋಡಿ ಮಾತಾಡಲಿಲ್ಲ. ಅವಳಿಗೆ ಊಟ ಸೇರಲಿಲ್ಲ. ಗೊತ್ತಾಯಿತು ಎಂದುಕೊಂಡೆ. ಆದರೆ ಮೂರನೆಯ ದಿನ ಬೆಳಗ್ಗೆ ಕಾಫಿ ಕೊಡಲು ಹೋದಾಗ ನನ್ನ ಕೈ ಹಿಡಿದುಕೊಂಡು, ‘ಅಮ್ಮ, ಕೂತ್ಕಳಿ ಸ್ವಲ್ಪ’ ಎಂದಳು.

ಮದುವೆಯಾದಾಗಿನಿಂದ ‘ಅತ್ತೆ’ ಎನ್ನುತ್ತಿದ್ದವಳು ಅಮ್ಮ ಎಂದಳು! ಯಾಕೆ ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ಸಂತೋಷದಲ್ಲಿ ಅಂದು ಪಾಯಸ ಮಾಡಿದೆ.

ಹೀಗೇ ಎಂಟು ದಿನ ಕಳೆಯಿತು. ನಾನು ರಾತ್ರಿ ಮಂಡಿನೋವಿನ ಮಾತ್ರೆ ನುಂಗಿ ನಡುಮನೆಯಲ್ಲಿ ಮಲಗಿದರೆ ಬೆಳಗಾಗುವವರೆಗೂ ಕೊರಡು. ಆ ದಿನ ಮಾತ್ರೆ ಮುಗಿದಿತ್ತು. ಮಹೇಶ ನೈಟ್ ಶಿಫ್ಟಿಗೆ ಹೋಗಿದ್ದ.

ಎಷ್ಟು ಹೊತ್ತಾಗಿತ್ತೋ... ಇದ್ದಕ್ಕಿದ್ದಂತೆ ಎಚ್ಚರವಾಯಿತು. ಬೀದಿಯಲ್ಲಿ ಒಂದು ನಾಯಿಯ ಸದ್ದೂ ಇಲ್ಲ. ಒಳಕೋಣೆಯಿಂದ ತೊಟ್ಟಿಲ ಕೊಕ್ಕೆಯ ಶಬ್ದ ಮಾತ್ರ ಬರುತ್ತಿತ್ತು. ಕಿರ್‍... ಕಿರ್‍...

ಸವಿತಾ ತೂಗುತ್ತಿದ್ದಾಳೆ ಎಂದುಕೊಂಡು ಮಗ್ಗುಲಾದೆ.

ಆಗ ಬಂತು. ಮೊದಲು ನಿಂಬೆ ಎಲೆ... ಆಮೇಲೆ ಮಲ್ಲಿಗೆ... ಆಮೇಲೆ ಬೆಂದ ಹಸಿ ಎಲೆಯ ತಂಪು. ತೇಲಿ ಬಂದ ಹಾಗಲ್ಲ. ಯಾರೋ ನನ್ನ ಮೇಲೆ ಬಗ್ಗಿ, ಮುಖದ ಮೇಲೆ ಸೆರಗು ಎಳೆದ ಹಾಗೆ. ಕೆನ್ನೆ ತಣ್ಣಗಾಯಿತು.

ಹೇಗೆ ಎದ್ದೆನೋ, ಹೇಗೆ ಹೋದೆನೋ ಗೊತ್ತಿಲ್ಲ. ಒಳಗೆ ಚಿಕ್ಕ ಲೈಟು ಉರಿಯುತ್ತಿತ್ತು. ಸವಿತಾ ಗೋಡೆಯ ಕಡೆ ತಿರುಗಿ ಗಾಢ ನಿದ್ದೆಯಲ್ಲಿದ್ದಳು. ಕಿಟಕಿ ಮುಚ್ಚಿತ್ತು. ಸೀರೆಯ ತೊಟ್ಟಿಲು ತನ್ನಷ್ಟಕ್ಕೆ ತೂಗುತ್ತಿತ್ತು... ನಿಧಾನವಾಗಲ್ಲ, ಜೋರಾಗಿ, ಯಾರನ್ನೋ ಕರೆಯುವ ಹಾಗೆ.

ನಾನು ಕೈ ಇಟ್ಟೆ. ನಿಂತಿತು.

ಒಳಗೆ ಹೊದಿಸಿದ್ದ ಬಟ್ಟೆ ಕೂಸಿನ ಮುಖದ ಮೇಲೆ ಸರಿದಿತ್ತು. ಎಳೆದೆ. ಮೂಗು ಬಾಯಿಯಲ್ಲೆಲ್ಲ ಹಾಲು. ತುಟಿ ಕಪ್ಪಿಟ್ಟಿತ್ತು, ಸದ್ದಿಲ್ಲ. ಎತ್ತಿ ಕೈಮೇಲೆ ಬೋರಲು ಹಾಕಿಕೊಂಡು ಬೆನ್ನು ತಟ್ಟಿದೆ... ತಟ್ಟಿದೆ... ಒಡೆದ ಹಾಲು ಹೊರಗೆ ಬಂತು. ಒಂದು ಕ್ಷಣ ಬಿಟ್ಟು ಕೂಸು ಮನೆ ಹಾರಿಹೋಗುವ ಹಾಗೆ ಅತ್ತಿತು. ಅಷ್ಟು ಚೆಂದದ ಅಳು ನಾನು ಕೇಳಿಲ್ಲ.

ಸವಿತಾ ದಡಬಡಿಸಿ ಎದ್ದು ಕೂಸನ್ನು ತೆಗೆದುಕೊಂಡಳು. ಅದು ಸಮಾಧಾನವಾಗಿ ಮೊಲೆಗೆ ಬಾಯಿ ಹಾಕಿದ ಮೇಲೆ ನನ್ನ ಸೆರಗು ಹಿಡಿದು ಎಳೆದು, ಮುಖಕ್ಕೆ ಒತ್ತಿಕೊಂಡಳು.

‘ಅಮ್ಮ... ನೀವು ಮಾಡಿದ್ದು ನಂಗೊತ್ತು.’

ನಾನು ಕಿಟಕಿಯ ಕಟ್ಟೆಯ ಮೇಲಿದ್ದ ಬಾಟಲಿಯ ಕಡೆ ನೋಡಿದೆ.

‘ಬಾಟ್ಲಿಗೆ ಇರುವೆ ಮುತ್ಕಂಡಿದ್ವು. ಸೆಂಟಿಗೆ ಯಾವತ್ತಾದ್ರೂ ಇರುವೆ ಬತ್ತದಾ? ನೆಕ್ಕಿ ನೋಡ್ದೆ, ಟೀ! ಎರಡ್ ದಿನ ಅತ್ತಿದ್ದೇ ಅತ್ತಿದ್ದು... ಮಾರನೇ ಬೆಳಿಗ್ಗೇನೇ ಅಣ್ಣಂಗೆ ಫೋನ್ ಮಾಡಿ, ಪಾಪು ಎತ್ಕಂಡು ತಗಡೂರ್‌ಗೆ ಓಗ್ಬುಡನ, ಇನ್ನು ಈ ಮನೆಗೆ ಬರಾದೇ ಬ್ಯಾಡ ಅಂತ ಮನಸ್ ಮಾಡಿದ್ದೆ.’

‘ಮತ್ಯಾಕವ್ವ ಓಗ್ಲಿಲ್ಲ?’ ಎಂದೆ.

‘ಆ ರಾತ್ರಿ ನೀವು ಬಂದ್ರಲ್ಲ! ಅದೇ ಸೆಂಟು ಎಲ್ಲಿಂದ್ಲೋ ತರಿಸ್ಕಂಡು, ಮೈಗೆ ಆಕ್ಕಂಡು, ಕತ್ತಲಲ್ಲೇ ತೊಟ್ಲು ತೂಗ್ತಾ ನಿಂತಿದ್ರಿ. ಆಮೇಲೂ ದಿನಾ ಬತ್ತಿದ್ರಿ. ಬಾಯಲ್ಲಿ ಯೋಳಕ್ಕೆ ನಾಚ್ಕೆ ಆಗಿ ಇಂಗೆ ಮಾಡ್ತಾವ್ರೆ ಅಂತ ಅರ್ಥ ಆಯ್ತು. ನಾನೂ ನಿದ್ದೆ ಬಂದಂಗೆ ಸುಮ್ಕಿದ್ದೆ. ನೋಡಿ, ಈಗ್ಲೂ ಸೆರಗೆಲ್ಲ ಅದೇ ಗಮ.’

ನಾನು ಸೆರಗನ್ನು ಮೂಗಿಗೆ ಹಿಡಿದೆ. ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆ. ಅಷ್ಟೇ. ಬೇರೇನೂ ಇರಲಿಲ್ಲ.

‘ನೀವೇ ಅಲ್ವಾ ಅಮ್ಮ?’

ಕೂಸು ಹಾಲು ಕುಡಿಯುವ ಸದ್ದು ಕೇಳುತ್ತಿತ್ತು. ಅಲ್ಲ ಎಂದರೆ ಬೆಳಗಾಗುವಷ್ಟರಲ್ಲಿ ಆ ಸದ್ದು ತಗಡೂರಿಗೆ ಹೋಗುತ್ತಿತ್ತು.

‘ಹೂಂ ಕಣವ್ವ... ನಾನೇ,’ ಎಂದೆ.

ಮಾತು ಮುಗಿಯುವ ಮೊದಲೇ ನನ್ನ ಬೆನ್ನ ಹಿಂದೆ ಖಾಲಿ ತೊಟ್ಟಿಲ ಕೊಕ್ಕೆ ಒಂದೇ ಒಂದು ಸಲ ಕಿರ್‍ ಎಂದಿತು.

ತಿಂಗಳು ಕಳೆದಿದೆ. ಕೂಸು ದುಂಡಗಾಗಿದೆ, ನನ್ನನ್ನು ನೋಡಿದರೆ ಬೊಚ್ಚು ಬಾಯಿ ಬಿಟ್ಟು ನಗುತ್ತದೆ. ‘ನಮ್ಮಮ್ಮನೇ ನನ್ ಮಗೀನ ಉಳಿಸಿದ್ದು’ ಎಂದು ಸವಿತಾ ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತಾಳೆ. ನಾನು ತಲೆ ತಗ್ಗಿಸುತ್ತೇನೆ. ಬಂದವರು ಅದನ್ನು ವಿನಯ ಎಂದುಕೊಳ್ಳುತ್ತಾರೆ.

ಈಗ ಮಾತ್ರೆ ಇದ್ದರೂ ನುಂಗುವುದಿಲ್ಲ. ಕೂಸಿಗೆ ಮತ್ತೆ ಏನಾದರೂ ಆದೀತು ಎಂಬ ದಿಗಿಲು. ಎಚ್ಚರವಾಗಿಯೇ ಮಲಗಿರುತ್ತೇನೆ. ಮನೆಯೆಲ್ಲ ನಿದ್ದೆ ಹೋದ ಮೇಲೆ ಕೊಕ್ಕೆ ಶುರುವಾಗುತ್ತದೆ... ಕಿರ್‍... ಕಿರ್‍... ಕೂಸು ಒಂದು ಸಲ ‘ಊಂ’ ಎಂದು ಸುಮ್ಮನಾಗುತ್ತದೆ. ಸವಿತಾ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ, ನಾನಿದ್ದೀನಿ ಎಂದು.

ಆ ವಾಸನೆ ಮಾತ್ರ ನನಗೆ ಮತ್ತೆ ಬಂದಿಲ್ಲ.

ಎದ್ದು ಹೋಗಿ ನೋಡಬೇಕು, ಕೈ ಮುಗಿದು ತಪ್ಪಾಯಿತು ತಾಯಿ ಎನ್ನಬೇಕು ಎಂದು ಪ್ರತಿ ರಾತ್ರಿ ಕಾಲು ಕೆಳಗಿಡುತ್ತೇನೆ. ಬಾಗಿಲ ತನಕ ಹೋಗಿ ವಾಪಸ್ ಬರುತ್ತೇನೆ. ಬೀಗಿತ್ತಿ ಹೆದರಿಸುತ್ತಾಳೆ ಎಂದಲ್ಲ.

ಅವತ್ತು ನಾನು ‘ಹೂಂ... ನಾನೇ’ ಅಂದದ್ದು ಅವಳಿಗೂ ಕೇಳಿಸಿದೆ.