ನಾರ್ವೆಗೆ ಹೋದ ರೈಸ್ ಕುಕ್ಕರು

ಅಮೆರಿಕದ ಸ್ಯಾನ್ ಹೋಸೆಯ ಬೆರ್ರಿಯೆಸಾದಲ್ಲಿ ನಾನು ಬಾರ್ಟ್ ರೈಲು ಹತ್ತಿದೆ. ಮುಂದಿನ ಸ್ಟೇಷನ್ನು ಮಿಲ್ಪಿಟಾಸಿನಲ್ಲಿ ನನ್ನ ಅಕ್ಕ ವಿಮಲಾ ಹತ್ತಿದಳು. ಇಬ್ಬರದೂ ಒಂದೊಂದೇ ಚಿಕ್ಕ ಸೂಟ್‌ಕೇಸು. ನಾರ್ವೆಗೆ ಹೊರಟವರಿಗೆ ಸ್ವೆಟರು, ಮಳೆಕೋಟು, ಗಟ್ಟಿ ಬೂಟು ಇದ್ದರೆ ಸಾಕೆಂದು ನಾವು ನಂಬಿದ್ದೆವು. ವಿಮಾನ ನಿಲ್ದಾಣದಲ್ಲಿ ನಮ್ಮ ತಂಡದ ಮುಂದಾಳು ಮಂಜುನಾಥ್ ಎರಡು ಟ್ರಾಲಿ ತಳ್ಳಿಕೊಂಡು ಎದುರಾದರು. ಒಂದರ ತುಂಬ ಅಡುಗೆಮನೆಯೇ ಇತ್ತು: ಸೋನಾ ಮಸೂರಿ ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ, ಉಪ್ಪಿನಕಾಯಿ, ಟವೆಲಿನಲ್ಲಿ ಕೂಸಿನ ಹಾಗೆ ಸುತ್ತಿಟ್ಟ ಒಂದು ರೈಸ್ ಕುಕ್ಕರು.

"ಅಕ್ಕಾ, ಊಟದ ಬಗ್ಗೆ ಟೆನ್ಶನ್ ತಗೋಬೇಡಿ. ಫುಲ್ ಪ್ಲಾನು ಮಾಡಿದೀನಿ," ಎಂದರು ಮಂಜುನಾಥ್.

"ನಮಗ ಊಟದ ಟೆನ್ಶನ್ ಇಲ್ರೀ," ಎಂದೆ ನಾನು. "ಫಿಯರ್ಡ್ ನೋಡೋದು ಯಾವತ್ತು, ಅಷ್ಟು ಹೇಳ್ರಿ."

"ಅದೂ ಇದೆ. ಎಲ್ಲಾ ಇದೆ."

ಫಿಯರ್ಡ್ ಎಂದರೆ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿ ಬಂದ ಆಳವಾದ ಕಣಿವೆ. ಇದನ್ನು ನಾನು ಕಲಿತದ್ದು ಅಕ್ಕನಿಂದಲೇ. ಧಾರವಾಡದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವಳು ನಿವೃತ್ತಿಯಾಗುವ ತನಕ ಭೂಗೋಳ ಕಲಿಸಿದವಳು. ಪ್ರತಿ ವರ್ಷ ಹಿಮನದಿಯ ಪಾಠ ಬಂದಾಗ ಕಪ್ಪು ಹಲಗೆಯ ಮೇಲೆ ಎರಡು ಕಡಿದಾದ ಗೋಡೆ ಬರೆದು, ನಡುವೆ ನೀಲಿ ಸೀಮೆಸುಣ್ಣದಿಂದ ನೀರು ತುಂಬುತ್ತಿದ್ದಳು. ಒಂದು ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ನೀವು ನೋಡೀರೇನ್ರಿ?" ಎಂದು ಕೇಳಿದಳಂತೆ. ಇಲ್ಲ, ಪುಸ್ತಕದಾಗ ಓದೇನಿ ಅಂದಳಂತೆ ಅಕ್ಕ. "ಮತ್ತ ಖರೇ ಹಿಂಗ ಇರ್ತದಂತ ಹೆಂಗ ಗೊತ್ರೀ?" ಇಡೀ ಕ್ಲಾಸು ನಕ್ಕಿತಂತೆ. ಆ ಹುಡುಗಿಗೆ ಈಗ ಮೊಮ್ಮಕ್ಕಳಿರಬಹುದು. ಅಕ್ಕ ಮಾತ್ರ ಆ ಪ್ರಶ್ನೆಯನ್ನು ಮರೆತಿಲ್ಲ. ಮಗಳ ಮನೆಗೆಂದು ಅಮೆರಿಕಕ್ಕೆ ಬಂದು ಇಲ್ಲಿಯವಳೇ ಆದ ಮೇಲೂ ಅವಳು ಕೇಳಿದ್ದು ಇದೊಂದೇ ಪ್ರವಾಸ.

ನಾವಿಬ್ಬರೇ ಹೋಗಬೇಕೆಂದಿದ್ದೆವು. ಅಕ್ಕನ ಮಗಳು ಬಿಡಲಿಲ್ಲ. "ಮೊಣಕಾಲು ನೋವು, ಗೊತ್ತಿಲ್ಲದ ದೇಶ, ಗ್ರೂಪಿನ್ಯಾಗ ಹೋಗ್ರಿ," ಎಂದು ಹಟ ಹಿಡಿದಳು. ಹಾಗೆ ನಾವು ಮಂಜುನಾಥರ ಕೈಗೆ ಸಿಕ್ಕೆವು. ಅವರು ಹಾಸನದ ಕಡೆಯವರು, ಕ್ಯಾಂಪ್‌ಬೆಲ್‌ನಲ್ಲಿ ಮನೆ. ಕರೆಂಟನ್ನು ಹದ್ದುಬಸ್ತಿನಲ್ಲಿಡುವ ಎಲೆಕ್ಟ್ರಾನಿಕ್ ಚಿಪ್‌ಗಳನ್ನು ಮಾಡುವ ಒಂದು ಕಂಪನಿಯಲ್ಲಿ ದೊಡ್ಡ ಇಂಜಿನಿಯರು. ಇದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಅವರ ಹೆಂಡತಿ ಗೀತಾ, ಇನ್ನೆರಡು ಜೋಡಿ, ನಾವಿಬ್ಬರು. ಆ ಎರಡು ಜೋಡಿಗಳ ಗಂಡಸರೂ ಎಲೆಕ್ಟ್ರಾನಿಕ್ಸಿನವರೇ.

ನಡುವೆ ಒಂದು ಕಡೆ ವಿಮಾನ ಬದಲಿಸಿ ಓಸ್ಲೋ ತಲುಪಿದಾಗ ಸಣ್ಣ ಮಳೆ, ಜೂನ್ ತಿಂಗಳಲ್ಲೂ ಹಲ್ಲು ಕಟಕಟಿಸುವ ಚಳಿ. ಊರು ನೋಡಲು ಸಿಕ್ಕಿದ್ದು ಅರ್ಧ ದಿನ. ಅದರಲ್ಲಿ ಮುಕ್ಕಾಲು ಪಾಲು ಒಂದು ಇಂಡಿಯನ್ ಹೋಟೆಲಿನಲ್ಲಿ ಕಳೆಯಿತು. ಅಲ್ಲಿನ ದಾಲಿನಲ್ಲಿ ಸಕ್ಕರೆ ಇತ್ತು. ಸ್ಯಾನ್ ಹೋಸೆಯಲ್ಲಿ ಇಬ್ಬರು ಹೊಟ್ಟೆ ತುಂಬ ಉಣ್ಣುವ ದುಡ್ಡಿಗೆ ಇಲ್ಲಿ ಒಬ್ಬರಿಗೆ ಒಂದು ಬಟ್ಟಲು. "ಸಮುದ್ರದ ಕಡೆ ಒಂದು ಸುತ್ತು ಹೋಗಿಬರೋಣು," ಎಂದೆ. "ನಾಳೆ ಲಾಂಗ್ ಡ್ರೈವು ಇದೆ, ರೆಸ್ಟ್ ತಗೊಳ್ಳಿ," ಎಂದು ಮಂಜುನಾಥ್ ಎಲ್ಲರನ್ನೂ ರೂಮಿಗೆ ಕಳಿಸಿಬಿಟ್ಟರು.

ಮರುದಿನ ಬಾಡಿಗೆ ವ್ಯಾನಿನಲ್ಲಿ ಪಶ್ಚಿಮದ ಗೈರಾಂಗರ್ ಎಂಬ ಹಳ್ಳಿಗೆ ಹೊರಟೆವು. ಇಡೀ ದಿನದ ದಾರಿ. ಆ ದಾರಿಯನ್ನು ಹೇಗೆ ಹೇಳಲಿ? ನದಿ ಬಿಟ್ಟರೆ ಸರೋವರ, ಸರೋವರ ಬಿಟ್ಟರೆ ಕಾಡು, ಕಾಡು ಮುಗಿದರೆ ಹುಲ್ಲು ಬೆಳೆದ ಮಾಡಿನ ಮರದ ಮನೆಗಳು. ಲೋಮ್ ಎಂಬ ಊರಿನಲ್ಲಿ ಪೂರ್ತಿ ಮರದಿಂದಲೇ ಕಟ್ಟಿದ, ಶತಮಾನಗಳಷ್ಟು ಹಳೆಯ ಚರ್ಚು ರಸ್ತೆಯ ಪಕ್ಕದಲ್ಲೇ ಕಂಡಿತು. "ನಿಲ್ಲಿಸ್ರೀ!" ಎಂದು ಕೂಗಿದೆ. ಮಂಜುನಾಥ್ ವೇಗ ಸ್ವಲ್ಪ ತಗ್ಗಿಸಿ, "ಗಾಡಿಯಿಂದಲೇ ಫೋಟೋ ತಗೊಳ್ಳಿ ಅಕ್ಕಾ. ಕತ್ತಲಾಗೋ ಮುಂಚೆ ಹೋಗಿ ಅನ್ನಕ್ಕೆ ಇಡ್ಬೇಕು," ಎಂದರು. ಜೂನ್ ತಿಂಗಳಲ್ಲಿ ಆ ದೇಶದಲ್ಲಿ ಕತ್ತಲಾಗುವುದೇ ಇಲ್ಲ! ನನ್ನ ಮೈ ಉರಿದುಹೋಯಿತು. ಮುಂದೆ ಬೆಟ್ಟದ ನೆತ್ತಿಯಲ್ಲಿ ಇನ್ನೂ ಮಂಜುಗಡ್ಡೆ ತೇಲುತ್ತಿದ್ದ ಸರೋವರವೊಂದು ಬಂತು. ರಸ್ತೆಯ ಎರಡೂ ಕಡೆ ಹಿಮ. ಅಲ್ಲಿ ನಿಂತರು, ನಿಜ. ಹಿಮದ ಮೇಲೆ ಜಮಖಾನ ಹಾಸಿ ಚಪಾತಿ, ಚಟ್ನಿಪುಡಿ ಹಂಚಿದರು. ಯಾರೂ ತಲೆಯೆತ್ತಲಿಲ್ಲ. ಚಟ್ನಿಪುಡಿಗೆ ಎಣ್ಣೆ ಕಡಿಮೆಯಾಯಿತೇ ಎಂಬ ಚರ್ಚೆ ಮುಗಿಯುವುದರೊಳಗೆ ಹೊರಡುವ ಹೊತ್ತಾಯಿತು.

"ಇವರು ಮಿಲ್ಪಿಟಾಸಿನ ಪಾರ್ಕಿನಾಗ ಕೂತಿದ್ರ ಆಗ್ತಿರಲಿಲ್ಲೇನು?" ಎಂದೆ ಅಕ್ಕನ ಕಿವಿಯಲ್ಲಿ.

"ಹೋಗ್ಲಿ ಬಿಡವಾ. ನಾಳೆ ಹೆಂಗೂ ಫಿಯರ್ಡಿಗೆ ಹೋಗ್ತೇವಲ್ಲ," ಎಂದಳು ಅವಳು. ಅಕ್ಕನಿಗೆ ಸಿಟ್ಟು ಬರುವುದಿಲ್ಲ. ಮನೆಯ ಸಿಟ್ಟನ್ನೆಲ್ಲ ನಾನೊಬ್ಬಳೇ ಪಾಲಿಗೆ ಪಡೆದು ಬಂದಿದ್ದೇನೆ.

ಗೈರಾಂಗರ್ ತಲುಪಿದಾಗ ಸಂಜೆಯ ಬಿಸಿಲು ಚೆನ್ನಾಗಿಯೇ ಇತ್ತು. ನಾವು ಇಳಿದುಕೊಂಡಿದ್ದು ಬೆಟ್ಟದ ಇಳಿಜಾರಿನ ಒಂದು ಮರದ ಮನೆಯಲ್ಲಿ. ಫಿಯರ್ಡು ಕೆಳಗೆ ಮೋಡದೊಳಗೆ ಅಡಗಿತ್ತು. ಮಂಜುನಾಥ್ ಟವೆಲು ಬಿಚ್ಚಿ ಕುಕ್ಕರನ್ನು ಹೊರತೆಗೆದರು. ಅಕ್ಕಿ ತೊಳೆದು, ನೀರಿಟ್ಟು, ಗೋಡೆಯ ರಂಧ್ರಕ್ಕೆ ಹೊಂದುವ ಒಂದು ಅಡಾಪ್ಟರು ಸಿಕ್ಕಿಸಿ ಸ್ವಿಚ್ಚು ಒತ್ತಿದರು. ಒಂದು ಸಲ ಚಟ್ ಎಂದಿತು. ಆಮೇಲೆ ವಾಸನೆ, ಆಮೇಲೆ ಹೊಗೆ, ಆಮೇಲೆ ಕಿವಿ ಹರಿದುಹೋಗುವ ಹಾಗೆ ಹೊಗೆಯ ಅಲಾರಮ್ಮು.

ಆಗ ನನಗೆ ತಿಳಿಯಿತು. ಅಮೆರಿಕದ ಕುಕ್ಕರು ನೂರಿಪ್ಪತ್ತು ವೋಲ್ಟಿನದು, ನಾರ್ವೆಯ ಗೋಡೆಯಲ್ಲಿ ಬರುವುದು ಇನ್ನೂರ ಮೂವತ್ತು. ಅಡಾಪ್ಟರು ಪಿನ್ನಿನ ಆಕಾರ ಬದಲಿಸುತ್ತದೆ, ಕರೆಂಟನ್ನಲ್ಲ. "ಫೋನು ಚಾರ್ಜ್ ಆಯ್ತು, ಲ್ಯಾಪ್‌ಟಾಪೂ ಆಯ್ತು, ಅದಕ್ಕೇ..." ಎಂದು ಮಂಜುನಾಥ್ ತೊದಲಿದರು. ಆ ಚಾರ್ಜರುಗಳು ಎರಡೂ ವೋಲ್ಟಿಗೆ ಒಗ್ಗುತ್ತವೆ, ಕುಕ್ಕರು ಒಗ್ಗದು. ಮೂವರು ಇಂಜಿನಿಯರುಗಳು ಸುಟ್ಟ ಕುಕ್ಕರಿನ ಸುತ್ತ ಹೆಣದ ಸುತ್ತ ನಿಂತವರ ಹಾಗೆ ನಿಂತರು. ಮೂವರೂ ಇನ್ನೂರ ಮೂವತ್ತು ವೋಲ್ಟಿನ ಊರುಗಳಲ್ಲೇ ಹುಟ್ಟಿ ಬೆಳೆದವರು. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಮನೆಯೊಡತಿ ಓಡಿ ಬಂದಳು. ಕಿಟಕಿ ತೆರೆದಳು, ಅಲಾರಮ್ಮು ಆರಿಸಿದಳು. ಕುಕ್ಕರು ನೋಡಿ, ಒಲೆಯ ಕೆಳಗಿನ ಬಾಗಿಲು ಎಳೆದು ಒಂದು ದೊಡ್ಡ ಪಾತ್ರೆ ತೆಗೆದು ನನ್ನ ಕೈಗೆ ಕೊಟ್ಟು ಹೋದಳು. ನಾನು ಅದರಲ್ಲೇ ಅನ್ನ ಮಾಡಿದೆ. ನಮ್ಮ ಅವ್ವ, ಅವರವ್ವ ಎಲ್ಲ ಹೀಗೇ ಮಾಡಿದ್ದು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಗೀತಾ ಪಾತ್ರೆಯ ತಳಕ್ಕೆ ಹತ್ತಿದ ಅನ್ನವನ್ನೂ ಕೆರೆದು ತಿಂದರು. ಅಲ್ಲಿಗೆ ಕಥೆ ಮುಗಿಯಿತೆಂದು ನಾನು ನೆಮ್ಮದಿಯಿಂದ ಮಲಗಿದೆ.

ಬೆಳಿಗ್ಗೆ ಮೋಡ ಸರಿದಿತ್ತು. ಅಕ್ಕ ಎಲ್ಲರಿಗಿಂತ ಮೊದಲೇ ಬೂಟು ಹಾಕಿ ತಯಾರಾಗಿದ್ದಳು. ಮಂಜುನಾಥ್ ಕಾಫಿ ಕುಡಿಯುತ್ತ ಹೇಳಿದರು: "ಪ್ಲಾನು ಸ್ವಲ್ಪ ಚೇಂಜು. ಇವತ್ತು ಓಲೆಸುಂಡ್‌ಗೆ ಹೋಗ್ಬರೋಣ. ದೊಡ್ಡ ಊರು, ಕುಕ್ಕರು ಸಿಗುತ್ತೆ. ಇಂಡಿಯನ್ ರೆಸ್ಟೋರೆಂಟೂ ಇದೆಯಂತೆ."

ಹೋಗಿ ಬರುವುದೆಂದರೆ ಇಡೀ ದಿನ. ಮಾರನೆಯ ಬೆಳಿಗ್ಗೆ ನಾವು ಬೇರೆ ಊರಿಗೆ ಹೊರಡಬೇಕಿತ್ತು.

"ಫಿಯರ್ಡು?" ಎಂದೆ.

"ದಾರಿಲಿ ಕಾಣುತ್ತೆ ಅಕ್ಕಾ, ಮೇಲಿಂದ. ವ್ಯೂ ಪಾಯಿಂಟಲ್ಲಿ ಐದು ನಿಮಿಷ ನಿಲ್ಸೋಣ."

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. "ನಿನ್ನೆ ಪಾತ್ರೆಯಾಗ ಮಾಡಿದ ಅನ್ನ ನಿಮ್ಮ ಗಂಟಲದಾಗ ಇಳೀಲಿಲ್ಲೇನ್ರಿ? ಅರ್ಧ ಭೂಮಿ ದಾಟಿ ಬಂದು ಕುಕ್ಕರ್ ಕೊಳ್ಳಲಿಕ್ಕೆ ಹೋಗ್ತೀರಿ? ಈಕಿ ಜೀವಮಾನ ಪೂರ್ತಿ ಪಾಠಾ ಮಾಡಿದ್ದು ಇಲ್ಲೇ ಕೆಳಗ ಅದ!"

"ಮುಂದಿನ ಹೋಟೆಲುಗಳಲ್ಲಿ ಒಲೆ ಇಲ್ವಲ್ಲ ಅಕ್ಕಾ," ಎಂದರು ಮಂಜುನಾಥ್, ನೊಂದುಕೊಂಡವರ ದನಿಯಲ್ಲಿ. "ಎಂಟು ಜನದ ಹೊಟ್ಟೆ ನಾನ್ ನೋಡ್ಬೇಕು. ಗ್ರೂಪು ಅಂದ್ಮೇಲೆ ಎಲ್ರೂ ಒಟ್ಟಿಗೇ ಇರ್ಬೇಕು."

ಉಳಿದವರು ನೆಲ ನೋಡಿದರು. ಇದೇ ನನಗೆ ಇವತ್ತಿಗೂ ಸಹಿಸಲಾಗದ್ದು. ಫ್ರೀವೇಯಲ್ಲಿ ಯಾರಾದರೂ ಅಡ್ಡ ಬಂದರೆ ಕೂಗಾಡುವ ಜನ ಇವರು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುತ್ತಿರುವಾಗ ತೆಪ್ಪಗಿದ್ದರು.

ಅಕ್ಕ ಕೋಟಿನ ಗುಂಡಿ ಹಾಕಿಕೊಂಡಳು. "ನೀವು ಹೋಗಿಬರ್ರಿ. ನಾ ಕೆಳಗ ಹೋಗ್ತೀನಿ," ಎಂದಳು, ಸ್ವಲ್ಪವೂ ದನಿ ಏರಿಸದೆ.

"ಅಯ್ಯೋ, ನಿಮ್ಮನ್ನ ಬಿಟ್ಟು ಹೋದ್ರೆ ನಿಮ್ಮ ಮಗಳಿಗೆ ಏನಂತ ಹೇಳ್ಲಿ?"

"ಅವ್ವ ಫಿಯರ್ಡ್ ನೋಡ್ಲಿಕ್ಕೆ ಹೋಗ್ಯಾಳ ಅಂತ ಹೇಳ್ರಿ."

ವ್ಯಾನು ಹೊರಟುಹೋಯಿತು. ಬೆಟ್ಟದಿಂದ ಹಳ್ಳಿಗೆ ಇಳಿಯಲು ಒಂದು ಜಲಪಾತದ ಪಕ್ಕದಲ್ಲೇ ಮೆಟ್ಟಿಲು ಕಟ್ಟಿದ್ದಾರೆ. ಅಕ್ಕ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನನ್ನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ನೀರಿನ ಸದ್ದಿಗೆ ನನ್ನ ಬೈಗುಳ ನನಗೇ ಕೇಳಿಸುತ್ತಿರಲಿಲ್ಲ. ಆದರೂ ಬೈಯುತ್ತಲೇ ಇಳಿದೆ. ಅಕ್ಕನಿಗೆ ಮೊಣಕಾಲು ನೋಯುತ್ತಿತ್ತು. ಕೂತುಕೋ ಎಂದರೆ ಕೂಡಲಿಲ್ಲ.

ದಡದಲ್ಲೇ ದೋಣಿಯ ಟಿಕೆಟ್ಟು ಸಿಕ್ಕಿತು. ಹೆಲೆಸಿಲ್ಟ್ ಎಂಬ ಊರಿಗೆ ಹೋಗಿ ಬರುವ ದೋಣಿ ಅದು, ಕಾರುಗಳನ್ನೂ ಹೊತ್ತೊಯ್ಯುವಷ್ಟು ದೊಡ್ಡದು. ಒಳಗೆ ಕಾಫಿ, ಬಿಸಿಬಿಸಿ ವಾಫಲು ಎಂಬ ದಪ್ಪ ದೋಸೆ. ಅದರ ಮೇಲೆ ಕಂದು ಬಣ್ಣದ ಚೀಸಿನ ತೆಳ್ಳನೆಯ ಹಾಳೆ ಹಾಕಿ ಕೊಟ್ಟರು. ಅಕ್ಕ ಒಂದು ತುಂಡು ಬಾಯಿಗಿಟ್ಟು ಕಣ್ಣರಳಿಸಿದಳು. "ಏ, ಇದು ಬೆಳಗಾವಿ ಕುಂದಾ ನೋಡು! ಉಪ್ಪು ಹಾಕಿದ ಕುಂದಾ!" ನಿಜಕ್ಕೂ ಹಾಗೇ ಇತ್ತು. ಒಡೆದ ಹಾಲಿನಿಂದ ಸೋಸಿದ ನೀರನ್ನು ಕಂದಾಗುವ ತನಕ ಕುದಿಸಿ ಕುದಿಸಿ ಮಾಡುತ್ತಾರಂತೆ. ಬಾಯಿಗೆ ಒಗ್ಗುವ ತಿಂಡಿ ಆ ದೇಶದಲ್ಲೇ ಇತ್ತು. ನಮ್ಮವರು ಅನ್ನ ಹುಡುಕಿಕೊಂಡು ಬೆಟ್ಟ ಹತ್ತಿದ್ದರು!

ದೋಣಿ ತಿರುವು ದಾಟಿದ ಮೇಲೆ ನಾನು ಬೈಯುವುದನ್ನು ನಿಲ್ಲಿಸಿದೆ. ಎರಡೂ ಕಡೆ ಬಂಡೆ ನೆಟ್ಟಗೆ ಆಕಾಶಕ್ಕೆ ಎದ್ದಿತ್ತು. ಮೇಲಿನ ಹಿಮ ಕರಗಿ ನೂಲುನೂಲಾಗಿ ನೀರು ಬೀಳುತ್ತಿತ್ತು. ಒಂದು ಕಡೆ ಸಾಲಾಗಿ ಬೀಳುವ ಧಾರೆಗಳಿಗೆ ಏಳು ಅಕ್ಕತಂಗಿಯರೆಂದು ಹೆಸರಂತೆ. ಅಷ್ಟೆತ್ತರದ ಬಂಡೆಯ ಮಡಿಲಲ್ಲಿ ಅಂಗೈಯಗಲ ಹೊಲ, ಒಂದು ಮನೆ. ಹಿಂದೆ ಅಲ್ಲಿ ಸಂಸಾರಗಳಿದ್ದವಂತೆ. ಕೂಸುಗಳು ಜಾರಿ ಬೀಳದಿರಲೆಂದು ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರೆಂದು ದೋಣಿಯ ಧ್ವನಿವರ್ಧಕ ಹೇಳಿತು. ಇದನ್ನೆಲ್ಲ ನೋಡಲಿಕ್ಕೇ ಜನ ಈ ಚಳಿಯ ದೇಶಕ್ಕೆ ಬರುತ್ತಾರೆ. ನನಗೆ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ.

ಅಕ್ಕ ಬಂಡೆಯನ್ನು ನೋಡುತ್ತಿರಲಿಲ್ಲ. ಕಂಬಿ ಹಿಡಿದು, ಬಗ್ಗಿ ನೀರನ್ನೇ ದಿಟ್ಟಿಸುತ್ತಿದ್ದಳು. ಬಹಳ ಹೊತ್ತಾದ ಮೇಲೆ ಮುಖ ಎತ್ತಿದಳು. ಕೆನ್ನೆ ಕೆಂಪಾಗಿತ್ತು. ಚಳಿಯಿಂದ ಅಂದುಕೊಂಡೆ, ಅಲ್ಲ.

"ಹಸಿರು ಅದ!" ಎಂದಳು. "ಹಿಮನದಿ ಕಲ್ಲು ಅರದು ಹಿಟ್ಟು ಮಾಡ್ತದ, ಆ ಹಿಟ್ಟು ನೀರಿಗೆ ಸೇರಿ ಹಸಿರು ಕಾಣ್ತದ. ಹೌದಲ್ಲ, ಹಂಗೇ ಇರಬೇಕು! ಮತ್ತ ಆ ಪುಸ್ತಕದಾಗ ಯಾಕ ನೀಲಿ ಹಾಕಿದ್ರು? ಎಷ್ಟು ಹುಡುಗ್ಯಾರಿಗೆ ನಾ ನೀಲಿ ಸೀಮೆಸುಣ್ಣ ಹಚ್ಚಿ ತೋರಿಸೇನಿ! ಒಬ್ಬರಾದ್ರೂ ಬಂದು ನೋಡಿ ಬರೀಬಾರದಿತ್ತೇನು?"

ನಾನು ಹುಟ್ಟಿದಾಗಿನಿಂದ ಅವಳ ಸಿಟ್ಟು ನೋಡಿರಲಿಲ್ಲ. ಹೆಲೆಸಿಲ್ಟಿಗೆ ಹೋಗಿ ತಿರುಗಿ ಗೈರಾಂಗರ್ ಮುಟ್ಟುವ ತನಕ ಅವಳು ಪುಸ್ತಕ ಬರೆದವರನ್ನು ಬೈದಳು. ನಾನು ಕಾಫಿ ತಂದುಕೊಟ್ಟೆ.

ಸಂಜೆ ವ್ಯಾನು ಹೊಸ ಕುಕ್ಕರಿನೊಂದಿಗೆ ಮರಳಿತು. ವ್ಯೂ ಪಾಯಿಂಟಿನಲ್ಲಿ ಮಂಜು ಮುಸುಕಿ ಅವರಿಗೆ ಏನೂ ಕಂಡಿರಲಿಲ್ಲ. ಪ್ರವಾಸದ ಉಳಿದ ದಿನಗಳಲ್ಲಿ ಅನ್ನ ಚೆನ್ನಾಗಿಯೇ ಆಯಿತು. ಉಳಿದದ್ದನ್ನು ಬರೆದು ಓದುಗರ ತಾಳ್ಮೆ ಕೆಡಿಸುವುದಿಲ್ಲ.

ಊರಿಗೆ ಮರಳಿದ ಮೇಲೆ ಒಂದು ಭಾನುವಾರ ಮಿಲ್ಪಿಟಾಸಿನ ಒಂದು ಸಭಾಂಗಣದಲ್ಲಿ ಇಲ್ಲಿನ ಕನ್ನಡದವರೆಲ್ಲ ಸೇರಿದೆವು. ಮನೆಗೊಂದು ಅಡುಗೆ, ಜೊತೆಗೆ ನಾರ್ವೆಯ ಫೋಟೋ. ಗೀತಾ ನನ್ನ ಪಕ್ಕ ಕೂತು, "ಆ ಹೊಸ ಕುಕ್ಕರಲ್ಲಿ ಇಲ್ಲಿ ಅಕ್ಕಿ ಬೇಯ್ತಾನೇ ಇಲ್ಲ ಕಣ್ರೀ," ಎಂದು ಪಿಸುಗುಟ್ಟಿದರು. ಹೇಗೆ ಬೇಯಬೇಕು? ಅದು ಇನ್ನೂರ ಮೂವತ್ತರದು, ಕ್ಯಾಂಪ್‌ಬೆಲ್ಲಿನಲ್ಲಿ ಅದಕ್ಕೆ ಸಿಗುವುದು ಅರ್ಧ ಹೊಟ್ಟೆ. ನಾನು ಅಂದು ಬಾಯಿ ಬಿಡಲಿಲ್ಲ. ಅವರ ಮನೆಯಲ್ಲಿ ಇಂಜಿನಿಯರಿದ್ದಾರೆ.

ಮಂಜುನಾಥ್ ಫೋಟೋ ತೋರಿಸಿದರು: ಹಿಮದ ಮೇಲೆ ಚಪಾತಿ, ವ್ಯಾನಿನ ಸೀಟಿನಲ್ಲಿ ಕುಕ್ಕರು, ಮಂಜು. ಒಬ್ಬರು, "ಫಿಯರ್ಡ್ ಅಂದ್ರೆ ಏನು ಸಾರ್?" ಎಂದು ಕೇಳಿದರು. ಮಂಜುನಾಥ್, "ಅದು... ಒಂಥರಾ ಲೇಕು," ಎಂದರು.

ಅಕ್ಕ ಎದ್ದಳು. ಮೊಣಕಾಲು ಹಿಡಿದುಕೊಂಡೇ ಗೋಡೆಯ ಬಿಳಿ ಬೋರ್ಡಿನ ಹತ್ತಿರ ಹೋಗಿ, ಎರಡು ಕಡಿದಾದ ಗೋಡೆ ಬರೆದಳು. ಮಂಜುನಾಥ್ ಓಡಿ ಬಂದು ನೀಲಿ ಪೆನ್ನು ಮುಂದೆ ಹಿಡಿದು, "ತಗೊಳ್ಳಿ ಅಕ್ಕಾ, ನೀರಿಗೆ," ಎಂದರು.

"ಆ ನೀರು ನೀವು ನೋಡೀರೇನ್ರಿ?" ಎಂದಳು ಅಕ್ಕ. "ನಾ ನೋಡೇನಿ. ಹಸಿರು ಕೊಡ್ರಿ."