ಹತ್ತೊಂಬತ್ತು ದಿನದ ಬೇಸಿಕ್

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ೧೯೮೭ರಲ್ಲಿ ರಾಯಚೂರಿನ ಒಂದು ಕಂಪ್ಯೂಟರ್ ತರಗತಿಗೆ ನಾನೊಬ್ಬನೇ ಶಿಕ್ಷಕ. ‘ಮೂವತ್ತು ದಿನದಲ್ಲಿ ಬೇಸಿಕ್’ ಎಂದು ಬೋರ್ಡು ಬರೆಸಿದವನೂ ನಾನೇ. ಬೇಸಿಕ್ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. ನನಗೆ ಬರುತ್ತಿದ್ದುದು ಹತ್ತೊಂಬತ್ತು ದಿನದಷ್ಟು ಮಾತ್ರ. ಹೈದರಾಬಾದಿನಲ್ಲಿ ಕಲಿಯುವಾಗ, ಇಪ್ಪತ್ತನೆಯ ದಿನ, ನಮ್ಮ ಸರ್ ಕೆಮ್ಮುವುದನ್ನು ಅಣಕಿಸಿದೆ. ಅವರು ಬಾಗಿಲಲ್ಲೇ ನಿಂತಿದ್ದರು. ನನ್ನ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು.

ನನಗಿದ್ದ ಒಬ್ಬರೇ ವಿದ್ಯಾರ್ಥಿನಿ ಶಾಂತಮ್ಮ ದೇವದುರ್ಗದಿಂದ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದರು. ನಲವತ್ತರ ಆಸುಪಾಸು, ಹತ್ತಿಬೀಜದ ಕಂಪನಿಯೊಂದರಲ್ಲಿ ತಾತ್ಕಾಲಿಕ ಟೈಪಿಸ್ಟ್. ಅಲ್ಲಿಗೆ ಕಂಪ್ಯೂಟರ್ ಬರುವುದಿತ್ತು. ಕಲಿಯಲೆಂದು ಹಾಕಿದ್ದ ತಿಂಗಳ ರಜೆ ಮುಗಿದ ಮರುದಿನ ಅಲ್ಲೇ ಪರೀಕ್ಷೆ. ಪಾಸಾದರೆ ಕೆಲಸ ಖಾಯಂ, ಇಲ್ಲವಾದರೆ ಮನೆ.

ಹತ್ತೊಂಬತ್ತು ದಿನ ನಾನು ಹುಲಿ. ಇಪ್ಪತ್ತನೆಯ ದಿನದಿಂದ ಆ ಒಂದೇ ಕಿಟಕಿಯ ಕೋಣೆ ಬೋನಾಯಿತು. ದೇವದುರ್ಗದ ಬಸ್ಸು ಕೆಡಲಿ ಎಂದು ಬೇಡಿಕೊಂಡೆ. ವರ್ಷವಿಡೀ ಕೆಡುತ್ತಿದ್ದ ಬಸ್ಸು ಆ ವಾರ ಗಡಿಯಾರ ನೋಡಿಕೊಂಡು ಬಂತು. ಹಳೆಯ ಪಾಠವನ್ನೇ ತಿರುವಿ ಹಾಕಿದೆ. ಹೊತ್ತು ಕಳೆಯಲು ಕಂಡಕ್ಟರ್, ಮಾನ್ವಿಯ ನಮ್ಮ ಮಾವ, ಎಲ್ಲರ ದನಿ ಅಣಕಿಸಿದೆ. ಮೊದಲ ದಿನ ಶಾಂತಮ್ಮ ನಕ್ಕರು. ಮೂರನೆಯ ದಿನ ಕೀಲಿಮಣೆಯಿಂದ ಕೈ ತೆಗೆದರು.

“ಸರ, ಕಂಡಕ್ಟರನ ಒದರಾಟ ನಾ ದಿನಾ ಕೇಳ್ತೀನ್ರಿ. ಹೆಸರು ಅಕ್ಷರದ ಪ್ರಕಾರ ಹೊಂದಿಸೂದು ಯಾವಾಗ ಹೇಳ್ತೀರಿ? ಪರೀಕ್ಷಾಕ್ಕ ಅದ ಬರ್ತದಂತ.”

ಬಾಗಿಲ ಕಡೆ ನೋಡಿದೆ. ಅವರ ಕುರ್ಚಿ ಅಡ್ಡವಿತ್ತು.

“ಅಕ್ಕಾರ, ಅದು ನನಗೂ ಬರಂಗಿಲ್ರಿ.”

ಬೈಯುತ್ತಾರೆಂದುಕೊಂಡೆ. ಅವರು ಕಂಪ್ಯೂಟರಿನ ಜೊತೆ ಬಂದಿದ್ದ ಇಂಗ್ಲಿಷ್ ಕೈಪಿಡಿಯನ್ನು ನನ್ನತ್ತ ತಳ್ಳಿದರು. “ಎಂಟು ದಿನ ಉಳದಾವ. ನೀವು ಓದ್ರಿ, ನಾ ಟೈಪ್ ಮಾಡ್ತೀನಿ. ದನಿ ಮಾತ್ರ ನಿಮ್ಮದ ಇರ್ಲಿ.”

ಪಟ್ಟಿಯನ್ನು ಅಕ್ಷರದ ಪ್ರಕಾರ ಹೊಂದಿಸಲು ಎರಡು ಹೆಸರುಗಳನ್ನು ಅದಲುಬದಲು ಮಾಡಿದಾಗಲೆಲ್ಲ ಒಂದು ಅಳಿಸಿಹೋಗುತ್ತಿತ್ತು. ಐದು ದಿನ ಅಲ್ಲೇ ಸಿಕ್ಕಿಕೊಂಡೆವು. ಆರನೆಯ ದಿನ ಶಾಂತಮ್ಮನೇ ಹೇಳಿದರು: “ಎರಡು ಕೊಡದಾಗಿನ ನೀರು ಅದಲಿಬದಲಿ ಮಾಡಾಕ ಮೂರನೇ ಕೊಡ ಬೇಕಲ್ರಿ?” ಹೆಸರೊಂದನ್ನು ತಾತ್ಕಾಲಿಕವಾಗಿ ಇಡಲು ಮೂರನೆಯ ಜಾಗ ಕೊಟ್ಟೆವು. ಪಟ್ಟಿ ಸರಿಯಾಯಿತು.

ಅವರು ಪಾಸಾದರು. ಒಂದು ಭಾಷೆ ಕಲಿಯಲು ಎಷ್ಟು ದಿನ ಬೇಕೋ ನಾನು ಹೇಳಲಾರೆ. ‘ನನಗೆ ಬರುವುದಿಲ್ಲ’ ಎನ್ನಲು ಕಲಿಯುವುದಕ್ಕೆ ನನಗಂತೂ ಇಪ್ಪತ್ತೆರಡು ದಿನ ಹಿಡಿದವು. ಆದರೂ ಬಡಾಯಿಯ ಚಟ ಬಿಡಲಿಲ್ಲ. ‘ಶಾಂತಮ್ಮ ನಮ್ಮಲ್ಲಿ ಮೂವತ್ತು ದಿನದಲ್ಲಿ ಬೇಸಿಕ್ ಕಲಿತಿದ್ದಾರೆ’ ಎಂದು ಪ್ರಮಾಣಪತ್ರ ಬರೆದು, ಠೀವಿಯಿಂದ ಅವರ ಕೈಗೆ ಕೊಟ್ಟೆ.

ಶಾಂತಮ್ಮ ಎರಡು ಸಲ ಓದಿ ಹಿಂದಕ್ಕೆ ಕೊಟ್ಟರು.

“ನಿಮ್ಮ ಹೆಸರೂ ಬರೀರಿ ಸರ. ಹಾಜರಿ ನಿಮ್ಮದೂ ಪೂರಾ ಅದ.”