ಉಪ್ಪು, ಇದ್ದಿಲು, ತಾಮ್ರದ ತಗಡು

ಕಳೆದ ವಾರ ಗಂಗಾವತಿಯಲ್ಲಿ ನಾವು ಕಟ್ಟಿಸುತ್ತಿರುವ ಮನೆಯ ಹಿಂದೆ ವೈರ್‌ಮನ್ ಅರ್ಥಿಂಗ್ ಗುಂಡಿ ತೋಡಿಸಿದ. ತಾಮ್ರದ ತಗಡನ್ನು ನೆಟ್ಟಗೆ ಇಳಿಸಿ, ಸುತ್ತ ಇದ್ದಿಲು, ಅದರ ಮೇಲೆ ಹರಳುಪ್ಪು, ಮತ್ತೆ ಇದ್ದಿಲು ತುಂಬಿ ನೀರು ಸುರಿದ. ಒದ್ದೆ ಇದ್ದಿಲಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ನಿಂತಿದ್ದ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನ ಮುಖ ನೋಡಿದಳು. ಇಬ್ಬರಿಗೂ ನೆನಪಾದವಳು ಒಬ್ಬಳೇ...

ಆಗ ನಾವು ಕೊಪ್ಪಳದಲ್ಲಿ ಬಾಡಿಗೆಗಿದ್ದೆವು. ಒಂದೇ ಮಾಲೀಕರ ಜೋಡಿ ಮನೆ, ನಡುವೆ ಒಂದು ಗೋಡೆ. ಆಚೆ ಮನೆಯಲ್ಲಿ ಒಬ್ಬಳೇ ಇದ್ದ ಹೆಂಗಸನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ರವಿಕೆ ಹೊಲಿದು ಬದುಕುತ್ತಿದ್ದಳು. ಅವಳ ಗಂಡ ವೈರಿಂಗ್ ಕೆಲಸದವನು, ಹಿಟ್ನಾಳದ ಕಡೆ ಫ್ಯಾಕ್ಟರಿಗಳಿಗೆ ಹೋಗುತ್ತಿದ್ದನಂತೆ. ಅವನು ತೀರಿಕೊಂಡದ್ದು ಕಾಮಾಲೆಯಿಂದ. ಆದರೆ ಓಣಿಯವರು ಮಾತ್ರ ಕರೆಂಟ್ ಹೊಡೆದೇ ಸತ್ತನೆಂದು ನಂಬಿದ್ದರು. ವೈರ್‌ಮನ್ ಆದವನು ಹಾಗೆಯೇ ಸಾಯಬೇಕು ಎಂಬಂತೆ. ಮಕ್ಕಳಿರಲಿಲ್ಲ. ಗಂಡನ ಟೆಸ್ಟರು, ಇಕ್ಕಳ, ಟೇಪು ಅವಳ ಹೊಲಿಗೆ ಮಷಿನ್ನಿನ ಖಾನೆಯಲ್ಲಿ ದಾರದುಂಡೆಗಳ ಜೊತೆ ಬಿದ್ದಿರುತ್ತಿದ್ದವು.

ಮೆತ್ತಗಿನ ಹೆಂಗಸೇನಲ್ಲ. ಯಾರ ಮನೆಗೆ ಹೋದರೂ ಮಂದಿಯ ಮುಖಕ್ಕಿಂತ ಮೊದಲು ಸ್ವಿಚ್ ಬೋರ್ಡ್ ನೋಡುವವಳು. ಮೂರು ಕಾಲಿನ ಪಿನ್ನಿನಲ್ಲಿ ಅರ್ಥಿನ ದಪ್ಪ ಕಾಲನ್ನು ಯಾರಾದರೂ ಕತ್ತರಿಸಿ ಹಾಕಿದ್ದರೆ ಅವರಿಗೆ ಅಲ್ಲೇ ಮಂಗಳಾರತಿ. ಒಮ್ಮೆ ನಾನು ನಮ್ಮ ಬೋರ್ಡ್ ಬಿಚ್ಚಲು ಹೋದಾಗ ಟೆಸ್ಟರ್ ಕಿತ್ತುಕೊಂಡು ಬೈದಿದ್ದಳು. "ಮೊದ್ಲ ಟೆಸ್ಟರ್‌ನ ನಂಬಬ್ಯಾಡ. ಉರಿಯೋ ಬೋರ್ಡಿಗೆ ಹಚ್ಚಿ ನೋಡು, ಬೆಳಕ ಬಂದ್ರ ಆಮ್ಯಾಲ ಕೆಟ್ಟದ್ದಕ್ಕ ಹಚ್ಚು. ಮೇನ್ ತಗದೀನಿ ಅಂತ ಹೇಳಿದವ್ರನ್ನೂ ನಂಬಬ್ಯಾಡ, ಹೋಗಿ ನೀನ ನೋಡು." ಅನುಮಾನಂ ಪೆದ್ದರೋಗಂ ಎನ್ನುತ್ತಾರಲ್ಲ, ಆ ರೋಗ ಅವಳಿಗಿತ್ತು. ಗೋಡೆಯ ಈಚೆ ನಮ್ಮ ಅವ್ವನಿಗೂ ಇತ್ತು. ದೊಡ್ಡವ್ವನಿಗೆ ವೈರಿನ ಮೇಲೆ, ಅವ್ವನಿಗೆ ಮನುಷ್ಯರ ಮೇಲೆ.

ಒಂದು ಬೇಸಿಗೆಯಲ್ಲಿ ತಳಕಲ್ಲಿಗೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅವಳಿಗೆಂದೇ ಬಚ್ಚಲಿಗೆ ಹಳೆಯ ಗೀಸರ್ ಒಂದನ್ನು ತಂದು ಕೂರಿಸಿದ್ದೆವು. ದೊಡ್ಡವ್ವ ಒಂದು ದಿನ ಬಂದವಳು ಸೀದಾ ಬಚ್ಚಲಿಗೆ ನುಗ್ಗಿ ನಲ್ಲಿಗೆ ಟೆಸ್ಟರ್ ಹಚ್ಚಿ ನೋಡಿ, "ಅರ್ಥಿಂಗ್ ಒಣಗೈತಿ, ಮಾಲಕರಿಗೆ ಹೇಳ್ತೀನಿ" ಎಂದು ಹೋದಳಂತೆ. ನಾನು ಕಾಲೇಜಿನಲ್ಲಿದ್ದೆ, ಇದೆಲ್ಲ ಆಮೇಲೆ ತಿಳಿದದ್ದು. ಅವ್ವನಿಗೆ ಅರ್ಥಿಂಗ್ ಗಿರ್ಥಿಂಗ್ ಕೇಳಿಸಿರಲಿಲ್ಲ. ಮಕ್ಕಳಿಲ್ಲದವಳು ಬಸುರಿ ಜಳಕ ಮಾಡುವ ಜಾಗಕ್ಕೆ ಹೋಗಿ ಏನೋ ಮುಟ್ಟಿ ಬಂದಳು ಎಂಬುದಷ್ಟೇ ಕಂಡಿತ್ತು.

ಮಾಲೀಕರು ಬರಲಿಲ್ಲ, ದೊಡ್ಡವ್ವನೇ ಕೆಲಸಕ್ಕೆ ಇಳಿದಳು. ಅಮಾವಾಸ್ಯೆಯ ದಿನ ಅವಳು ಮಷಿನ್ ಮುಟ್ಟುತ್ತಿರಲಿಲ್ಲ, ಕೈ ಖಾಲಿ ಇರುತ್ತಿದ್ದದ್ದು ಅಂದೇ. ಮಟಮಟ ಮಧ್ಯಾಹ್ನ ಗೋಡೆ ಬುಡದ ಹಳೆಯ ಗುಂಡಿ ಬಗೆದು ಇದ್ದಿಲು, ಉಪ್ಪು, ಹೊಸ ತಾಮ್ರದ ತಗಡು ಹೂತಳು. ಅವ್ವ ಕಿಟಕಿಯಿಂದ ನೋಡಿದಳು. ಅಮಾವಾಸ್ಯೆ, ಉಪ್ಪು, ಇದ್ದಿಲು, ತಗಡು... ಇನ್ನೇನು ಬೇಕು? ಮಾಟದ ಸಾಮಾನು ಪೂರ್ತಿ ಜೋಡಾಗಿತ್ತು. ಸಾಲದ್ದಕ್ಕೆ ದೊಡ್ಡವ್ವ ಅಂದಿನಿಂದ ದಿನಾ ಬೆಳಿಗ್ಗೆ ಒಂದು ಕೊಡ ನೀರು ಬೇರೆ ಹಾಕತೊಡಗಿದಳು. ಬೇಸಿಗೆಯಲ್ಲಿ ಆ ಗುಂಡಿ ಒಣಗಬಾರದು, ಒಣಗಿದರೆ ಇದ್ದೂ ಇಲ್ಲದಂತೆ. ಇದು ನನಗೆ ಈಗ ಗೊತ್ತು.

"ಏನ್ ಮಾಡಾಕತ್ತೀರಿ ಅಂತ ಆಕೀನ್ನ ಕೇಳಬಾರದಾ?" ಎಂದೆ, ಅವ್ವ ಗುಂಡಿಯ ಸುದ್ದಿ ಹೇಳಿದಾಗ.

"ಕೇಳಿದ್ರ ಹೇಳ್ತಾರೇನು ಯಾರರ?" ಎಂದಳು ಅವ್ವ.

ನಾನೂ ದೊಡ್ಡವ್ವನೂ ಇಲ್ಲದ ಹೊತ್ತಿನಲ್ಲಿ ಆಳು ಕರೆಸಿ ಗುಂಡಿ ಅಗೆಸಿದಳು. ಪಾಪ ಆ ತಗಡು, ಇದ್ದಿಲಿನ ಸಮೇತ ಊರ ಹೊರಗಿನ ಹಳ್ಳ ಸೇರಿತು. ಅಗೆಯುವಾಗ ಕಡಿದುಹೋದ ಅರ್ಥಿನ ತಂತಿ ಗೋಡೆಗೆ ಜೋತುಬಿದ್ದಿತ್ತು.

ಮರುದಿನ ಬೆಳಿಗ್ಗೆ ಅಕ್ಕ ಟವೆಲ್ ಹಿಡಿದು ಬಚ್ಚಲಿನತ್ತ ಹೊರಟಿದ್ದಳು, ಗೀಸರ್ ಕಾಯುತ್ತಿತ್ತು. ಆಚೆ ಮನೆಯಲ್ಲಿ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ಹಿಂದೆಯೇ ದೊಡ್ಡವ್ವ ಕೂದಲು ಕೆದರಿಕೊಂಡು ಓಡಿ ಬಂದು, ನಮ್ಮ ಪಡಸಾಲೆಯ ಮೀಟರ್ ಬೋರ್ಡಿನಿಂದ ಫ್ಯೂಜ್ ಕಿತ್ತು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

"ಬಸುರಿ ಇರೋ ಮನಿ ದೀಪ ಆರಸ್ತೀರೇನ್ರಿ?" ಅವ್ವ ಅಡ್ಡ ನಿಂತಳು. "ಹೊಟ್ಟಿಕಿಚ್ಚಿಗೂ ಒಂದ ಮಿತಿ ಬೇಕು."

"ಇಸ್ತ್ರಿ ಹಿಡದ್ರ ಎತ್ತಿ ಒಗದ್ಹಂಗ ಹೊಡೀತು. ನಿಮ್ಮ ಗೀಸರಿನ ಕರೆಂಟ್ ನನ್ನ ಮನಿಗೆ ಬಂದೈತಿ. ಹುಡುಗೀನ ಬಚ್ಚಲಕ್ಕ ಬಿಡಬ್ಯಾಡ್ರಿ." ಮೆಟ್ಟಿಲ ಮೇಲೆ ಕುಸಿದು ಕೂತಳು. "ಗುಂಡಿ ಯಾರ ಕಿತ್ತ್ಯಾರ, ಅದನ್ನ ಹೇಳ್ರಿ."

ವೈರ್‌ಮನ್ ಬರುವವರೆಗೆ ದೊಡ್ಡವ್ವ ಫ್ಯೂಜ್ ಕೊಡಲಿಲ್ಲ. ಅವನು ಬಂದು ಎಲ್ಲರನ್ನೂ ದೂರ ಸರಿಸಿ, ಫ್ಯೂಜ್ ಹಾಕಿ, ಬಲ್ಬಿನ ಒಂದು ವೈರನ್ನು ನ್ಯೂಟ್ರಲ್‌ಗೂ ಇನ್ನೊಂದನ್ನು ಬಚ್ಚಲಿನ ನಲ್ಲಿಗೂ ಮುಟ್ಟಿಸಿದ. ಬಲ್ಬು ಝಗ್ಗನೆ ಹೊತ್ತಿಕೊಂಡಿತು. "ಎರಡೂ ಮನಿಗೆ ಒಂದ ಅರ್ಥ್ ಐತ್ರಿ," ಎಂದ. "ಗುಂಡಿ ಇದ್ದಿದ್ರ ಕರೆಂಟ್ ಮಣ್ಣಿಗಿ ಹೋಗ್ತಿತ್ತು. ಈಗ ಎರಡೂ ಮನ್ಯಾಗ ತಿರಗಾಕತ್ತಿತ್ತು. ಅಕ್ಕಾರು ನಲ್ಲಿ ಹಿಡಿದಿದ್ರ..." ಅವ್ವ ಅಕ್ಕನ ಕೈ ಹಿಡಿದುಕೊಂಡಳು, ಮಧ್ಯಾಹ್ನದವರೆಗೆ ಬಿಡಲೇ ಇಲ್ಲ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಗೀಸರ್ ಗುಜರಿಗೆ ಹೋಯಿತು, ಗುಂಡಿ ಹೊಸದಾಯಿತು, ಅಕ್ಕನಿಗೆ ಹೆಣ್ಣು ಮಗುವಾಯಿತು. ದೊಡ್ಡವ್ವ ರವಿಕೆ ಖಣದ ತುಂಡುಗಳನ್ನು ಜೋಡಿಸಿ ಕೂಸಿನ ತಲೆಗೊಂದು ಕುಂಚಿಗೆ ಹೊಲಿದು ತಂದಳು. ಅವ್ವ ಎರಡೂ ಕೈಯಿಂದ ತೆಗೆದುಕೊಂಡು, "ತೊಳದು ಹಾಕ್ತೀನ್ರಿ" ಎಂದಳು. ಹಾಕಲಿಲ್ಲ. ಕರೆಂಟಿನ ವಿಷಯದಲ್ಲಿ ಅನುಮಾನ ಹೋಗಿತ್ತು, ಕಣ್ಣು ತಾಗುವ ವಿಷಯದಲ್ಲಿ ಉಳಿದಿತ್ತು. ನಾನು ಜಗಳ ಆಡಿದೆ, ಅಕ್ಕ ಅತ್ತಳು, ಅವ್ವ ಜಗ್ಗಲಿಲ್ಲ. ಅಂಗಳದಲ್ಲಿ ಕೂಸು ಪೇಟೆಯ ಟೊಪ್ಪಿಗೆ ಹಾಕಿಕೊಂಡು ಬಿಸಿಲು ಕಾಯುವುದನ್ನು ದೊಡ್ಡವ್ವ ಬಾಗಿಲಿನಿಂದ ನೋಡುತ್ತಿದ್ದಳು. ತಪ್ಪಾದ ವೈರನ್ನು ಅಷ್ಟು ದೂರದಿಂದ ಹಿಡಿಯುವವಳಿಗೆ ಇದು ತಿಳಿಯದೆ ಇರುತ್ತದೆಯೇ? ಆಮೇಲೆ ಅವಳು ನಮ್ಮ ಹೊಸ್ತಿಲು ದಾಟಲಿಲ್ಲ. ದೀಪಾವಳಿಯ ಹೊತ್ತಿಗೆ ಮನೆ ಖಾಲಿ ಮಾಡಿ ಕುಷ್ಟಗಿಗೆ, ತಮ್ಮನ ಮನೆಗೆ ಹೋದಳು. ಹೋಗುವಾಗ ನನ್ನನ್ನು ಕರೆದು ಹೇಳಿದ್ದು ಒಂದೇ ಮಾತು: "ಬ್ಯಾಸಿಗ್ಯಾಗ ನೀರ ಹಾಕೋದು ಮರೀಬ್ಯಾಡ್ರಿ." ಅವತ್ತು ಅವ್ವನ ಮೇಲೆ ಬಂದ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಕಳೆದ ವಾರ ವೈರ್‌ಮನ್ ಕೈ ತೊಳೆದು ಹೋದ ಮೇಲೆ ಅವ್ವ, "ಆಕೀನ್ನ ಹೊಸ ಮನಿ ಶಾಂತಿಗೆ ಕರೀಬೇಕು" ಎಂದಳು. ಹೆಸರು ಹೇಳಬೇಕಿರಲಿಲ್ಲ. ಅವರಿವರನ್ನು ಕೇಳಿ ನಂಬರ್ ಹುಡುಕಿ ಕುಷ್ಟಗಿಗೆ ಫೋನ್ ಹಚ್ಚಿದೆ. ತಮ್ಮನ ಮಗ ಎತ್ತಿದ. ಹೋದ ವರ್ಷವೇ ತೀರಿಕೊಂಡಳಂತೆ, ಸಣ್ಣ ಜ್ವರದ ನೆಪ.

ಅವ್ವ ಮರಳಿನ ಗುಡ್ಡೆಯ ಮೇಲೆ ಕೂತುಬಿಟ್ಟಳು. ಅಪ್ಪ ಹೋದಾಗಲೂ ಅವಳು ಹಾಗೆ ಬಿಕ್ಕಿ ಅತ್ತದ್ದನ್ನು ನಾನು ನೋಡಿರಲಿಲ್ಲ. ತಪ್ಪಾಯಿತು ಎನ್ನುತ್ತಾಳೇನೋ ಎಂದು ನಾನು ಕಾಯುತ್ತಿದ್ದೆ. ಸೆರಗಿನಿಂದ ಕಣ್ಣು ಒರೆಸಿಕೊಂಡು, ದನಿ ತಗ್ಗಿಸಿ ಹೇಳಿದಳು:

"ಅಂಥ ಗಟ್ಟಿ ಹೆಣಮಗಳು... ಬರೇ ಜ್ವರಕ್ಕ ಹೋಗಾಕಿ ಅಲ್ಲ ಆಕಿ. ಯಾರೋ ಏನೋ ಮಾಡ್ಸ್ಯಾರ ನೋಡು."